ದೇಸಿ ಚಿತ್ತಾರದ ಕೆಳಗೆ ನೀಲಗಿರಿಯ ನಾರು

ಬಯಲುಸೀಮೆಯ ಲಚ್ಯಾಣದಿಂದ ಮಲೆನಾಡಿನ ಸಾಗರದವರೆಗೆ ವಿದ್ಯಾರ್ಥಿನಿಯರು ತೊಡುವ ದೊಗಳೆ ಪ್ಯಾಂಟು ಇಂದು ಒಂದೇ ಬಗೆಯದು. ಪಲಾಜೊ ಎಂಬ ಹೆಸರಿನ ಈ ಉಡುಪಿನ ಮೇಲೆ ಕಲಂಕಾರಿಯ ಬಳ್ಳಿ, ಅಜ್ರಖ್‌ನ ನಕ್ಷತ್ರ, ಬಾಂಧನಿಯ ಚುಕ್ಕಿಗಳು ಮೆರೆಯುತ್ತವೆ. ಸೆಕೆಗೆ ಹಿತ, ಬೆಲೆಯೂ ಅಗ್ಗ. ಅಂಗಡಿಯವರು ಇದನ್ನು ಸಾಂಪ್ರದಾಯಿಕವೆನ್ನುತ್ತಾರೆ, ಜಾಹೀರಾತುಗಳು ಪ್ರಕೃತಿಸ್ನೇಹಿಯೆನ್ನುತ್ತವೆ. ಈ ಎರಡೂ ಮಾತುಗಳನ್ನು ಒರೆಗೆ ಹಚ್ಚಬೇಕಾಗಿದೆ.

ಶ್ರೀಕಾಳಹಸ್ತಿಯ ಕಲಂಕಾರಿಯಾಗಲಿ ಕಛ್‌ನ ಅಜ್ರಖ್ ಆಗಲಿ ಹುಟ್ಟಿದ್ದು ಹತ್ತಿಬಟ್ಟೆಯ ಮೇಲೆ. ಅಳಲೆಕಾಯಿಯ ಒಗರಿನಲ್ಲಿ ಅದ್ದಿ, ಪಟಿಕದಿಂದ ಬಣ್ಣ ಹಿಡಿಸಿ, ಮತ್ತೆ ಮತ್ತೆ ತೊಳೆದು ಒಣಗಿಸಿದರೆ ಮಾತ್ರ ಆ ಚಿತ್ತಾರ ಮೂಡುತ್ತದೆ. ಯಂತ್ರದಲ್ಲಿ ಅಚ್ಚಾದ ಪ್ಯಾಂಟಿಗೆ ಬಂದಿರುವುದು ಆ ಚಿತ್ರ ಮಾತ್ರ. ಅದರ ಹಿಂದಿನ ಹತ್ತಿ, ಅಳಲೆಕಾಯಿ, ಕೈಕಸುಬು ಯಾವುದೂ ಬಂದಿಲ್ಲ.

ಹಾಗಾದರೆ ಬಟ್ಟೆ ಯಾವುದು? ಹಲವುಗಳಲ್ಲಿ ಪಾಲಿಯೆಸ್ಟರ್, ಮೈಗೆ ತಂಪೆನಿಸುವವುಗಳಲ್ಲಿ ಬಹುಪಾಲು ರೇಯಾನ್. ರೇಯಾನ್ ಮರದ ತಿರುಳಿನಿಂದ ಬರುವುದರಿಂದ ಅದು ನೈಸರ್ಗಿಕವೆಂಬ ವಾದವಿದೆ. ಆದರೆ ಆ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ನರಮಂಡಲಕ್ಕೆ ವಿಷವಾದ ಕಾರ್ಬನ್ ಡೈಸಲ್ಫೈಡ್‌ನೊಡನೆ ಬೆರೆಸಿ, ಗಂಧಕಾಮ್ಲದ ತೊಟ್ಟಿಗೆ ಎಳೆಎಳೆಯಾಗಿ ಬಿಟ್ಟಾಗಲೇ ಅದು ನೂಲಾಗುವುದು. ಇನ್ನು ಆ ಮರ ಬೆಳೆದದ್ದು ಯಾರ ನೆಲದಲ್ಲಿ?

ಈ ಪ್ರಶ್ನೆಗೆ ಕರ್ನಾಟಕದ ಗುಡ್ಡಗಾಡು ಒಮ್ಮೆ ಉತ್ತರ ಕೊಟ್ಟಿದೆ. ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1972ರಲ್ಲಿ ರೇಯಾನ್ ತಿರುಳಿನ ತಯಾರಿಕೆಗೆ ತೊಡಗಿತು. 1984ರಲ್ಲಿ ಸರ್ಕಾರದ 51, ಕಾರ್ಖಾನೆಯ 49 ಶೇಕಡಾ ಪಾಲಿನೊಡನೆ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ದನ ಮೇಯುವ, ಸೌದೆ ಸಿಗುವ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ನೆಡುವುದು ಅದರ ಯೋಜನೆ. ಶಿವರಾಮ ಕಾರಂತರು ಮತ್ತು ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿನ ಮೊರೆಹೋದರು. 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಹಳ್ಳಿಗರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಕಂಪನಿ ಮುಚ್ಚಿತು. ಇಂದಿನ ರೇಯಾನ್‌ಗೆ ತಿರುಳು ಹೊರದೇಶಗಳ ನೆಡುತೋಪುಗಳಿಂದಲೂ ಬರುತ್ತದೆ. ಗುಡ್ಡ ಬೇರೆಯಾದ ಮಾತ್ರಕ್ಕೆ ಅಲ್ಲಿನ ಹಳ್ಳಿಗರ ಪ್ರಶ್ನೆ ಬೇರೆಯಾಗುವುದಿಲ್ಲ.

ಗುಡ್ಡದಲ್ಲಿ ನಾರಿನ ತೋಪು ಏರಲು ಹೊರಟಿದ್ದ ನಾಡಿನಲ್ಲಿಯೇ, ಬಯಲಿನಲ್ಲಿ ನಾರಿನ ಬೆಳೆ ಇಳಿಯಿತು. ಲಚ್ಯಾಣವಿರುವ ಇಂಡಿ ತಾಲ್ಲೂಕಿನಲ್ಲಿ ಈಗ ಕಣ್ಣಿಗೆ ಬೀಳುವುದು ತೊಗರಿ, ಕಬ್ಬು, ಲಿಂಬೆ. ವಿಜಯಪುರ, ಧಾರವಾಡ, ಗದಗಗಳ ಎರೆಭೂಮಿ ಹಿಂದೆ ಜಯಧರದಂತಹ ದೇಸಿ ಹತ್ತಿಯ ನೆಲೆ. ಆಳಕ್ಕೆ ಬೇರಿಳಿಸಿ, ಹಿಂಗಾರಿನ ತೇವದಲ್ಲಿಯೇ ನೀರಾವರಿಯಿಲ್ಲದೆ ಕಾಯಿ ಕಟ್ಟುವ, ರಸ ಹೀರುವ ಕೀಟಗಳನ್ನು ತಾಳಿಕೊಳ್ಳುವ ಬೆಳೆಯದು. ಅದರ ಗಿಡ್ಡ ಎಳೆ ದೊಡ್ಡ ಗಿರಣಿಗಳಿಗೆ ಒಗ್ಗಲಿಲ್ಲ. ಉದ್ದ ಎಳೆಯ ಹೈಬ್ರಿಡ್‌ಗಳು, 2002ರ ನಂತರ ಬಿಟಿ ಹತ್ತಿ ಬಂದವು. ಪ್ರತಿವರ್ಷ ಕೊಳ್ಳುವ ಬೀಜ, ಗೊಬ್ಬರ, ಔಷಧಗಳ ಹೊರೆ ರೈತನ ಮೇಲೆ ಬಿತ್ತು. ಆದ್ದರಿಂದ ಹತ್ತಿಯೆಂದ ಮಾತ್ರಕ್ಕೆ ಅದು ನಿರ್ದೋಷಿಯಲ್ಲ. ಯಾವ ಹತ್ತಿಯೆಂದೂ ಕೇಳಬೇಕು.

ಬಡವರ ಮಗಳು ಕೈಮಗ್ಗದ ಬಟ್ಟೆ ಕೊಳ್ಳಬಲ್ಲಳೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಇಳಕಲ್ಲಿನ ನೇಕಾರರೂ ಬೆಲೆ ತಗ್ಗಿಸಲು ಕೃತಕ ರೇಷ್ಮೆ ಬಳಸುತ್ತಾರೆ, ಅದೂ ರೇಯಾನೇ. ತೊಟ್ಟವಳದಾಗಲಿ ನೇಯ್ದವನದಾಗಲಿ ಇದರಲ್ಲಿ ತಪ್ಪಿಲ್ಲ. ನದಿಯ ಕೊಳೆ, ಗೋಮಾಳದ ನಷ್ಟ, ಕಾರ್ಮಿಕನ ರೋಗ ಇವನ್ನು ಬೆಲೆಯಲ್ಲಿ ಸೇರಿಸದೆ ‘ಅಗ್ಗ’ವೆಂದು ಮಾರುವ ವ್ಯವಸ್ಥೆಯದು ತಪ್ಪು. ಆ ಬಾಕಿಯನ್ನು ತೆರುವವರು ಅದೇ ಬಡವರು.

ವಿದ್ಯಾರ್ಥಿಗಳು ಮಾಡಬಹುದಾದ ಸಣ್ಣ ಪರೀಕ್ಷೆಯೊಂದಿದೆ. ಬಟ್ಟೆಯ ಅಂಚಿನ ಎಳೆಯೊಂದನ್ನು ಸುಟ್ಟು ನೋಡಲಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಸುಟ್ಟ ಕಾಗದದ ವಾಸನೆ ಬಂದರೆ ಹತ್ತಿ ಇಲ್ಲವೆ ರೇಯಾನ್. ಇನ್ನೊಂದು ಎಳೆಯನ್ನು ನೀರಿನಲ್ಲಿ ನೆನೆಸಿ ಎಳೆದಾಗ ಸುಲಭವಾಗಿ ತುಂಡಾದರೆ ರೇಯಾನ್. ನೆನೆದ ಹತ್ತಿ ಇನ್ನಷ್ಟು ಗಟ್ಟಿಯಾಗುತ್ತದೆ. ತಿಳಿದ ಮೇಲೆ ಅಂಗಡಿಯಲ್ಲಿ ನಾರಿನ ಹೆಸರು ಕೇಳಲಿ. ಕೊಂಡದ್ದನ್ನು ಹರಿಯುವವರೆಗೆ ತೊಡಲಿ. ಮೂರರ ಬದಲು ಒಂದು ಸಾಕೆನ್ನಲಿ.

ಸರ್ಕಾರ ಮಾಡಬೇಕಾದದ್ದು ಇದಕ್ಕಿಂತ ದೊಡ್ಡದು. ಗಿಡ್ಡ ಎಳೆಯನ್ನು ನೂಲಬಲ್ಲ ಸಣ್ಣ ಘಟಕಗಳು ಎರೆಭೂಮಿಯ ಹಳ್ಳಿಗಳಲ್ಲಿಯೇ ಏಳಬೇಕು. ದೇಸಿ ಹತ್ತಿಗೆ ಖಾತರಿ ಬೆಲೆ ಸಿಗಬೇಕು. ಹೆಗ್ಗೋಡಿನ ‘ಚರಕ’ದ ಮಹಿಳೆಯರು ಅಡಿಕೆ ಚೊಗರಿನಿಂದ ಬಣ್ಣ ಕಟ್ಟಿ ಕೈಮಗ್ಗದ ಉಡುಪು ಮಾಡಿ ತೋರಿಸಿದ್ದಾರೆ. ಲಚ್ಯಾಣದ ಎರೆಯಲ್ಲಿ ಬೆಳೆದ ಹತ್ತಿಗೆ ಮಲೆನಾಡಿನ ಚೊಗರು ಕೂಡುವುದು ಕನಸಿನ ಮಾತೇನಲ್ಲ. ದೊಗಳೆ ಪ್ಯಾಂಟು ಇರಲಿ. ಅದರ ನೂಲು ಮಾತ್ರ ಯಾರ ಗೋಮಾಳವನ್ನೂ ಕಸಿಯದಿರಲಿ.