ಸವಿತಾ, ದೊಡ್ಡ ಕಂಪೆನಿಗಳು ಮತ್ತು ನಮ್ಮ ಗೇರುಬೀಜ ಕಾರ್ಖಾನೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹೆಣ್ಣುಮಕ್ಕಳು ನರ್ಸ್ ಕೆಲಸಕ್ಕೆ ಐರ್ಲೆಂಡಿಗೆ ಹೋಗುವುದು ಈಗ ಹೊಸ ಸುದ್ದಿಯಲ್ಲ. ಆ ದೇಶದ ಗರ್ಭಪಾತ ಕಾನೂನು ಬದಲಾಗಲು ಕಾರಣವಾದ ಹೆಸರೂ ನಮ್ಮ ರಾಜ್ಯದ್ದೇ.

ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಗಾಲ್ವೆಯ ಆಸ್ಪತ್ರೆಯಲ್ಲಿ ಸೋಂಕು ರಕ್ತಕ್ಕೇರಿ ತೀರಿಕೊಂಡರು. 17 ವಾರಗಳ ಗರ್ಭ ಉಳಿಯದೆಂದು ಗೊತ್ತಿದ್ದರೂ, ಶಿಶುವಿನ ಎದೆಬಡಿತ ಇರುವುದರಿಂದ ಗರ್ಭಪಾತ ಸಾಧ್ಯವಿಲ್ಲ ಎನ್ನಲಾಗಿತ್ತು. ಸೋಂಕನ್ನು ಸಕಾಲದಲ್ಲಿ ಗುರುತಿಸದ ಲೋಪಗಳನ್ನು ತನಿಖೆಗಳು ಎತ್ತಿ ತೋರಿಸಿದವು. 'ಇದು ಕ್ಯಾಥೊಲಿಕ್ ದೇಶ' ಎಂದು ತಾನು ಹೇಳಿದ್ದನ್ನು ಅಲ್ಲಿನ ಸಿಬ್ಬಂದಿಯೊಬ್ಬರು ವಿಚಾರಣೆಯಲ್ಲಿ ಒಪ್ಪಿಕೊಂಡರು. ಇದನ್ನು ಮುಚ್ಚಿಟ್ಟು ನಾವು ಬರೆಯಲಾರೆವು. ಗರ್ಭಪಾತವನ್ನು ಒಪ್ಪದ ಧರ್ಮಸಭೆಯೇ, ತಾಯಿಯ ಪ್ರಾಣಕ್ಕೆ ಕುತ್ತಾದ ರೋಗಕ್ಕೆ ಚಿಕಿತ್ಸೆ ಕೊಡುವುದನ್ನು, ಅದರಿಂದ ಶಿಶು ಉಳಿಯದೆ ಹೋದರೂ, ತಡೆಯುವುದಿಲ್ಲ. ಆದರೆ ಜನ ನೆನಪಿಟ್ಟದ್ದು ಆ ಒಂದು ಮಾತನ್ನು.

2018ರ ಮೇ 25ರಂದು ಐರ್ಲೆಂಡಿನ ಶೇ. 66.4 ಮತದಾರರು ಸಂವಿಧಾನದ ನಿಷೇಧವನ್ನು ತೆಗೆದುಹಾಕಿದರು. ಡಬ್ಲಿನ್‌ನಲ್ಲಿ ತನ್ನ ಯುರೋಪ್ ಕೇಂದ್ರ ಕಚೇರಿ ಹೊಂದಿರುವ ಗೂಗಲ್, ಮತದಾನಕ್ಕೆ ಎರಡು ವಾರವಿದ್ದಾಗ ಎರಡೂ ಪಕ್ಷಗಳ ಜಾಹೀರಾತು ನಿಲ್ಲಿಸಿತು. ಫೇಸ್‌ಬುಕ್ ಹೊರದೇಶದವರ ಜಾಹೀರಾತನ್ನಷ್ಟೇ ತಡೆಯಿತು. ನಮಗ್ಯಾಕೆ ಊರ ಜಗಳ ಎಂಬ ಧಾಟಿ.

ನಾಲ್ಕು ವರ್ಷಗಳ ಬಳಿಕ ಅಮೆರಿಕದಲ್ಲಿ ಈ ಧಾಟಿ ಉಳಿಯಲಿಲ್ಲ. 2022ರ ಜೂನ್ 24ರಂದು ಅಲ್ಲಿನ ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ರದ್ದುಮಾಡಿ ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತು. ಊರು ಬಿಟ್ಟು ಹೋಗಿ ಗರ್ಭಪಾತವೂ ಸೇರಿದಂತೆ ಚಿಕಿತ್ಸೆ ಪಡೆಯುವ ನೌಕರರಿಗೆ ವರ್ಷಕ್ಕೆ 4,000 ಡಾಲರ್‌ವರೆಗೆ ಪ್ರಯಾಣ ವೆಚ್ಚ ಕೊಡುವುದಾಗಿ ಅಮೆಜಾನ್ ತೀರ್ಪಿಗೆ ಮುನ್ನವೇ ಹೇಳಿತ್ತು. ಮೈಕ್ರೋಸಾಫ್ಟ್, ಡಿಸ್ನಿ ಕೂಡ ಇದೇ ಹಾದಿ ಹಿಡಿದವು. ಕಂಪೆನಿಗಳು ಗಾಳಿ ನೋಡಿಯೇ ತೂರಿದವು ಎಂದು ನಮಗನಿಸುತ್ತದೆ. ಅದೇ ಆಗಸ್ಟ್‌ನಲ್ಲಿ ಕಾನ್ಸಾಸ್‌ನಂಥ ಸಂಪ್ರದಾಯಸ್ಥ ರಾಜ್ಯದ ಮತದಾರರೂ ನಿರ್ಬಂಧಕ್ಕೆ ದಾರಿಮಾಡುವ ತಿದ್ದುಪಡಿಯನ್ನು ತಿರಸ್ಕರಿಸಿದರು.

ನಮ್ಮನ್ನು ಕಾಡುವುದು ಬೇರೆ. ಹೆರುವ ಹೆಂಗಸಿಗೆ ಸಂಬಳಸಹಿತ ರಜೆ ಕೊಡಲೇಬೇಕೆಂದು ಖಾಸಗಿ ಕಂಪೆನಿಗಳಿಗೆ ಹೇಳುವ ಕೇಂದ್ರ ಕಾನೂನು ಅಮೆರಿಕದಲ್ಲಿ ಇಂದಿಗೂ ಇಲ್ಲ. 1993ರ ಕಾಯಿದೆ ಕೊಡುವುದು 12 ವಾರಗಳ ಸಂಬಳವಿಲ್ಲದ ರಜೆ. ಹಲವು ದೊಡ್ಡ ಕಂಪೆನಿಗಳು ತಾವಾಗಿ ಕೊಡುತ್ತವೆ, ನಿಜ. ಅಂಗಡಿ, ಹೋಟೆಲಿನವಳ ಪಾಡು?

ನಮ್ಮಲ್ಲಿ ಕಾನೂನು ಇದೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12ರಿಂದ 26 ವಾರಕ್ಕೇರಿಸಿತು. 50 ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೊಠಡಿ ಕಡ್ಡಾಯ. ಗರ್ಭ ಇಳಿದರೆ ಆರು ವಾರ ಸಂಬಳಸಹಿತ ರಜೆ. ಆದರೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ ದಾಖಲೆ ಬೇಕು. ಗೇರುಬೀಜ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವ, ಮನೆಯಲ್ಲಿ ಬೀಡಿ ಕಟ್ಟುವ ನಮ್ಮ ಅಕ್ಕತಂಗಿಯರಲ್ಲಿ ಎಷ್ಟು ಮಂದಿಯ ಹಾಜರಿ ಪುಸ್ತಕದಲ್ಲಿದೆ? ಮೂರನೇ ತಿಂಗಳಲ್ಲಿ ಕೆಲಸ ಹೋದೀತೆಂಬ ಭಯದಿಂದ ಆಕೆ ಯಾವ ವೈದ್ಯರ ಬಾಗಿಲಿಗೆ ಹೋಗುತ್ತಾಳೆಂದು ಯಾವ ಕಂಪೆನಿಯೂ ಪ್ರಕಟಣೆ ಹೊರಡಿಸುವುದಿಲ್ಲ. ನಮ್ಮ ಓದುಗರಲ್ಲಿ ಕಾರ್ಖಾನೆ ಮಾಲೀಕರೂ ಇದ್ದಾರೆ. ಈ ವಾರ ಹಾಜರಿ ಪುಸ್ತಕವನ್ನೊಮ್ಮೆ ತೆರೆದು ನೋಡಲಿ.