ಕಿಟಕಿ ಹಾಕಿಸುವ ಮುನ್ನ, ಅದು ಎಷ್ಟು ತೆರೆಯುತ್ತದೆ ಎಂದು ಕೇಳಿ

ಕಳೆದ ಏಪ್ರಿಲ್‌ನಲ್ಲಿ ಶಿರಾದ ನಮ್ಮ ಖಾಲಾ ಮನೆಗೆ ಹೋಗಿದ್ದೆ. ಅವರು ಹಳೆಯ ಬೇವಿನ ಮರದ ಕಿಟಕಿಗಳನ್ನು ತೆಗೆಸಿ, ಅಲ್ಯುಮಿನಿಯಂ ಚೌಕಟ್ಟಿನ, ನೀಲಿ ಗಾಜಿನ ಸ್ಲೈಡಿಂಗ್ ಕಿಟಕಿ ಹಾಕಿಸಿದ್ದಾರೆ ಎಂದು ಮೊದಲೇ ಗೊತ್ತಿತ್ತು. ಬೀದಿಯಿಂದ ನೋಡಿದರೆ ಮನೆ ಹೊಸದಾಗಿಯೇ ಕಾಣುತ್ತಿತ್ತು. ಒಳಗೆ ಕಾಲಿಟ್ಟರೆ ಉಸಿರುಗಟ್ಟುವ ಸೆಕೆ. ಬೆಳಿಗ್ಗೆ ಹತ್ತು ಗಂಟೆಗೇ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮೂಲೆಯ ಕೋಣೆಯಲ್ಲಿ ಸೊಸೆ ಮಲಗಿದ್ದಳು. ಎರಡು ವಾರದ ಹಿಂದೆಯಷ್ಟೇ ಆಕೆಗೆ ಟಿ.ಬಿ. ಇರುವುದು ಗೊತ್ತಾಗಿತ್ತು. ವೈದ್ಯರು ಔಷಧಿ ಕೊಟ್ಟು, ಗಾಳಿ-ಬೆಳಕು ಬರುವ ಕೋಣೆಯಲ್ಲಿ ಮಲಗಿಸಿ, ಕಿಟಕಿ ತೆರೆದಿಡಿ ಎಂದು ಹೇಳಿ ಕಳುಹಿಸಿದ್ದರು.

ಕಿಟಕಿ ತೆರೆಯಲು ಹೋದೆ. ಗಾಜು ಅರ್ಧಕ್ಕೆ ಸರಿದು ನಿಂತಿತು.

"ಅಷ್ಟೇ ಬೇಟಾ, ಅದು ತೆರೆಯೋದೇ ಅಷ್ಟು" ಎಂದರು ಖಾಲಾ.

ಆರು ಕಿಟಕಿಗೆ ಮಗನ ಒಂದು ವರ್ಷದ ಉಳಿತಾಯ ಹೋಗಿತ್ತು. "ಹಾಕಿಸುವಾಗ ನಿಮ್ಮನ್ನು ಏನು ಕೇಳಿದರು ಖಾಲಾ?" ಎಂದೆ. "ಗಾಜಿನ ಬಣ್ಣ ಯಾವುದು ಬೇಕು ಅಂತ ಕೇಳಿದರು" ಎಂದರು.

ಇದು ಒಬ್ಬರ ಮನೆಯ ಕಥೆಯಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಮ್ಮ ಮೊಹಲ್ಲಾಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಮದುವೆ ಬಂತೆಂದರೆ, ದುಬೈ ಅಥವಾ ಸೌದಿಯಿಂದ ಹಣ ಬಂತೆಂದರೆ ಮೊದಲು ಬದಲಾಗುವುದು ಮುಂಬಾಗಿಲು, ಆಮೇಲೆ ಕಿಟಕಿ. ಬಣ್ಣ, ವಿನ್ಯಾಸ, ಚದರ ಅಡಿಯ ದರ ಎಲ್ಲವನ್ನೂ ವಿಚಾರಿಸುತ್ತೇವೆ. ಕಿಟಕಿ ಎಷ್ಟು ತೆರೆಯುತ್ತದೆ ಎಂದು ಮಾತ್ರ ಕೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಅದನ್ನು ಕೇಳಬೇಕಾದವರು ದಿನವಿಡೀ ಆ ಮನೆಯೊಳಗೆ ಇರುವ ಹೆಂಗಸರು.

ಲೆಕ್ಕ ಹಾಕಿ ನೋಡಿ

ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆ ಈ ವಿಷಯದಲ್ಲಿ ಸರಳವಾದ ಅಳತೆಯೊಂದನ್ನು ಕೊಟ್ಟಿದೆ. ನಮ್ಮಂಥ ಬಿಸಿ ಒಣಹವೆಯ ಸೀಮೆಯಲ್ಲಿ, ಬಾಗಿಲನ್ನು ಬಿಟ್ಟು, ಗಾಳಿ ಬರುವ ತೆರಪು ಕೋಣೆಯ ನೆಲದ ಹತ್ತನೇ ಒಂದು ಭಾಗವಾದರೂ ಇರಬೇಕು. ಕಿಟಕಿಯ ಒಂದು ಭಾಗ ತೆರೆಯಲಾಗದಂತೆ ಕೂಡಿಸಿದ್ದರೆ, ತೆರೆಯುವ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

ಈಗ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ ತೆಗೆದುಕೊಳ್ಳಿ. ನೆಲ 120 ಚದರ ಅಡಿ. ಅಂದರೆ 12 ಚದರ ಅಡಿ ತೆರಪು ಬೇಕು. ಆ ಕೋಣೆಗೆ ನಾಲ್ಕಡಿ-ನಾಲ್ಕಡಿಯ ಕಿಟಕಿ ಇಟ್ಟರೆ 16 ಚದರ ಅಡಿ, ಸಾಕಷ್ಟಾಯಿತು ಎನಿಸುತ್ತದೆ. ಆದರೆ ಎರಡು ಗಾಜಿನ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ಸರಿಯುವುದರಿಂದ ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತದೆ. ಉಳಿಯುವುದು 8 ಚದರ ಅಡಿ. ಅದೇ ಅಳತೆಯ, ಎರಡು ಕದ ಹೊರಕ್ಕೆ ತೆರೆಯುವ ಕಿಟಕಿಯಾದರೆ ಹೆಚ್ಚುಕಡಿಮೆ ಪೂರ್ತಿ ಗಾಳಿಗೆ ಸಿಗುತ್ತದೆ.

ಹಣದ ಲೆಕ್ಕವೂ ಇಲ್ಲೇ ಬದಲಾಗುತ್ತದೆ. ಉದಾಹರಣೆಗೆ ಅಂಗಡಿಯವರು ಚದರ ಅಡಿಗೆ 500 ರೂಪಾಯಿ ಹೇಳಿದರು ಎನ್ನೋಣ. 16 ಚದರ ಅಡಿಗೆ 8,000 ರೂಪಾಯಿ. ತೆರೆಯುವುದು 8 ಚದರ ಅಡಿ ಮಾತ್ರವಾದರೆ, ಗಾಳಿ ಬರುವ ಒಂದೊಂದು ಚದರ ಅಡಿಗೆ ನೀವು ಕೊಟ್ಟದ್ದು 1,000 ರೂಪಾಯಿ. ಪೂರ್ತಿ ತೆರೆಯುವ ಕಿಟಕಿಗೆ ಚದರ ಅಡಿಗೆ 700 ಹೇಳಿದರೂ ಅದೇ ಅಗ್ಗ. ದರ ಊರಿಂದ ಊರಿಗೆ ಬೇರೆಯಾಗುತ್ತದೆ, ಈ ಲೆಕ್ಕದ ವಿಧಾನ ಬದಲಾಗುವುದಿಲ್ಲ.

ಸ್ಲೈಡಿಂಗ್ ಕಿಟಕಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಗಲ್ಲಿ ಕಿರಿದಾಗಿದ್ದು, ಹೊರಕ್ಕೆ ಕದ ತೆರೆದರೆ ಓಡಾಡುವವರ ತಲೆಗೆ ತಗಲುವಂತಿದ್ದರೆ ಅದೇ ಅನುಕೂಲ. ಆಗ ಕಿಟಕಿಯನ್ನೇ ದೊಡ್ಡದು ಮಾಡಿಸಬೇಕು, ಇಲ್ಲವೇ ಮೇಲೆ ಒಂದು ವೆಂಟಿಲೇಟರ್ ಬಿಡಿಸಬೇಕು.

ಮುಚ್ಚಿದ ಮನೆ, ಕೆಮ್ಮುವ ಮನೆ

ಟಿ.ಬಿ. ಗಾಳಿಯಿಂದ ಹರಡುವ ರೋಗ. ರೋಗಿ ಕೆಮ್ಮಿದಾಗ ಬರುವ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ಗಂಟೆಗಟ್ಟಲೆ ಉಳಿಯಬಲ್ಲವು. ಹೊಸ ಗಾಳಿ ಆಡಿದರೆ ಅವು ಚದುರಿ ತೆಳುವಾಗುತ್ತವೆ. ಪೆರು ದೇಶದ ಲಿಮಾ ನಗರದ 8 ಆಸ್ಪತ್ರೆಗಳಲ್ಲಿ ಇದನ್ನು ಅಳೆದು ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕಿಟಕಿ ಬಾಗಿಲು ತೆರೆದಿಟ್ಟಾಗ ಕೋಣೆಯ ಗಾಳಿ ಗಂಟೆಗೆ ಸುಮಾರು 28 ಬಾರಿ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಹಾಯಿಸುವ ಕೋಣೆಗಳಲ್ಲಿ ಅದು 12 ಬಾರಿ. ಎತ್ತರದ ಸೂರು, ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳೇ ಹೆಚ್ಚು ಸುರಕ್ಷಿತವೆಂದು ಕಂಡುಬಂತು. ಬಡವರ ಕೈಗೆಟುಕುವ ರಕ್ಷಣೆ ಇದು, ಕರೆಂಟ್ ಬಿಲ್ಲೂ ಇಲ್ಲ.

ಟಿ.ಬಿ. ಇಲ್ಲದ ಮನೆಗೂ ಗಾಳಿ ಬೇಕು. ಒಲೆಯ ಹೊಗೆ, ಒಗ್ಗರಣೆಯ ಘಾಟು, ಸೊಳ್ಳೆ ಬತ್ತಿಯ ಹೊಗೆ, ಬಾತ್‌ರೂಮಿನ ತೇವ ಎಲ್ಲವೂ ಹೊರಗೆ ಹೋಗಲು ದಾರಿ ಬೇಕು. ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ ಮನೆಗಳಲ್ಲಂತೂ ಹೊಗೆಸೊಪ್ಪಿನ ಪುಡಿ, ಇದ್ದಿಲ ಪುಡಿ ಮಕ್ಕಳ ಎದೆಗೂ ಇಳಿಯುತ್ತದೆ.

ಹಾಗಾದರೆ ನಾವು ಕಿಟಕಿ ಮುಚ್ಚುವುದೇಕೆ? ಧೂಳು, ಸೊಳ್ಳೆ, ಬಿಸಿಲು, ಪರ್ದಾ. ನಾಲ್ಕೂ ನಿಜವಾದ ಕಾರಣಗಳೇ. ನಾಲ್ಕಕ್ಕೂ ಪರಿಹಾರವಿದೆ.

ಸೊಳ್ಳೆಗೆ ಮೆಶ್. ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಆದ್ದರಿಂದ ಮಗ್ರಿಬ್ ಹೊತ್ತಿಗೆ ಮಾತ್ರ ಕಿಟಕಿ ಮುಚ್ಚಿದರೆ ಪ್ರಯೋಜನವಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಬಹುದು. ಕೊರಟಗೆರೆ ಕಡೆಯ ತೋಟದ ಪಕ್ಕದ ಮನೆಗಳಿಗೆ ಗಾಜಿಗಿಂತ ಮೊದಲು ಮೆಶ್ ಬೇಕು. ಮೆಶ್ ತೆಗೆದು ತೊಳೆಯುವಂತಿರಲಿ. ಧೂಳು ಕಟ್ಟಿದ ಮೆಶ್ ಗೋಡೆಗೆ ಸಮ.

ಬಿಸಿಲಿಗೆ ಸಜ್ಜಾ ಮತ್ತು ಸಮಯಪಾಲನೆ. ಪಾವಗಡದ ಬಿಸಿಲನ್ನು ಹೇಳಬೇಕಾಗಿಲ್ಲ, ಅದನ್ನು ನಂಬಿಯೇ ಅಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಎದ್ದಿದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಗಾಳಿ ಒಳಬರದಂತೆ ಕಿಟಕಿ ಮುಚ್ಚಿ, ಸಂಜೆಯಿಂದ ಬೆಳಗಿನವರೆಗೆ ಎದುರು-ಬದುರು ಕಿಟಕಿಗಳನ್ನು ತೆರೆದಿಡಬೇಕು. ಕಾದ ಗೋಡೆ, ಕಲ್ಲುಚಪ್ಪಡಿ ಆರುವುದು ರಾತ್ರಿಯಲ್ಲೇ. ರೋಗಿಯಿರುವ ಕೋಣೆಯಲ್ಲಿ ಮಾತ್ರ ಹಗಲೂ ಒಂದು ತೆರಪು ಇರಲಿ. ಮಧುಗಿರಿಯ ಬೆಟ್ಟದ ಬುಡದಲ್ಲಿ ಒತ್ತೊತ್ತಾಗಿರುವ ಮನೆಗಳಿಗೆ ಇದು ಇನ್ನೂ ಮುಖ್ಯ. ಆಷಾಢದ ಗಾಳಿ ನಮ್ಮಲ್ಲಿ ಪಡುವಣದಿಂದ ಬೀಸುತ್ತದೆ. ಪಡುವಣ ಗೋಡೆಯ ಕಿಟಕಿಗೆ ಎದುರಾಗಿ ಮೂಡಣದಲ್ಲಿ ಒಂದು ತೆರಪಿದ್ದರೆ ಗಾಳಿ ಹಾಯುತ್ತದೆ. ಒಂದೇ ಗೋಡೆಯಲ್ಲಿ ಎರಡು ಕಿಟಕಿ ಇಟ್ಟರೆ ಅಷ್ಟು ಫಲವಿಲ್ಲ.

ಪರ್ದಾ ಮತ್ತು ಗಾಳಿ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎದುರು ಮನೆಯವರಿಗೆ ಕಾಣುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಬೀದಿ ಕಡೆಯ ಕಿಟಕಿಗೆ ಮೊಳೆ ಹೊಡೆದುಬಿಟ್ಟಿದ್ದಾರೆ. ಪರ್ದಾ ಬೇಕು ಎಂಬುದರಲ್ಲಿ ತಕರಾರಿಲ್ಲ. ಆದರೆ ದೃಷ್ಟಿ ತಗ್ಗಿಸಬೇಕೆಂಬ ಆದೇಶ ಕುರ್‌ಆನಿನಲ್ಲಿ ಮೊದಲು ಬಂದಿರುವುದು ಗಂಡಸರಿಗೆ. ಇನ್ನೊಬ್ಬರ ಮನೆಯೊಳಗೆ ಇಣುಕಬಾರದು ಎಂಬುದೂ ನಮಗೆ ಕಲಿಸಿದ ಪಾಠವೇ. ಬೀದಿಯಲ್ಲಿ ನಿಂತವನ ಕಣ್ಣಿನ ತಪ್ಪಿಗೆ ಮನೆಯೊಳಗಿನ ಹೆಣ್ಣುಮಕ್ಕಳ ಉಸಿರನ್ನು ಕಡಿಮೆ ಮಾಡುವುದು ನ್ಯಾಯವೇ?

ನಮ್ಮ ಹಿಂದಿನವರು ಎರಡನ್ನೂ ಒಟ್ಟಿಗೆ ಸಾಧಿಸಿದ್ದರು. ಶಿರಾದಲ್ಲಿ ಮಲಿಕ್ ರಿಹಾನರ ದರ್ಗಾ ನಮಗೆಲ್ಲ ಗೊತ್ತು. ಅವರು ಬಿಜಾಪುರದ ಸುಲ್ತಾನರ ಪರವಾಗಿ ಇಲ್ಲಿ ಆಡಳಿತ ಮಾಡಿದವರು. ಆ ಬಿಜಾಪುರದ ಇಬ್ರಾಹಿಂ ರೋಜಾಕ್ಕೆ ಹೋದವರು ಅಲ್ಲಿನ ಕಿಟಕಿಗಳನ್ನು ನೋಡಿರುತ್ತಾರೆ. ಕಲ್ಲನ್ನೇ ಅರಬ್ಬಿ ಅಕ್ಷರಗಳಾಗಿ ಕೊರೆದು, ಅಕ್ಷರಗಳ ನಡುವಿನಿಂದ ಬೆಳಕು, ಗಾಳಿ ಬರುವಂತೆ ಮಾಡಿದ್ದಾರೆ. ಜಾಲಿಯ ಗುಟ್ಟು ಸರಳ. ಹಗಲಲ್ಲಿ ಒಳಗಿನವರಿಗೆ ಹೊರಗು ಕಾಣುತ್ತದೆ, ಹೊರಗಿನವರಿಗೆ ಒಳಗು ಕಾಣುವುದಿಲ್ಲ. ಇಂದು ಸಿಮೆಂಟ್ ಜಾಲಿ, ಮಣ್ಣಿನ ಜಾಲಿ ಎರಡೂ ಸಿಗುತ್ತವೆ. ರಾತ್ರಿ ಒಳಗೆ ದೀಪ ಹಾಕಿದರೆ ಲೆಕ್ಕ ತಿರುವುಮುರುವಾಗುತ್ತದೆ, ಆಗ ತೆಳು ಪರದೆ ಎಳೆಯಬೇಕು. ಕನ್ನಡಿಯಂಥ ಗಾಜಿನದ್ದೂ ಇದೇ ಕಥೆ ಎಂಬುದನ್ನು ಮಾರುವವರು ಹೇಳುವುದಿಲ್ಲ.

ಇನ್ನೊಂದು ಉಪಾಯ ನಮ್ಮ ಅಜ್ಜಿಯರ ಮನೆಯಲ್ಲೇ ಇತ್ತು: ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಕದದ ಕಿಟಕಿ. ಕೆಳಗಿನದು ಮುಚ್ಚಿದರೆ ಪರ್ದಾ, ಮೇಲಿನದು ತೆರೆದರೆ ಗಾಳಿ. ಬಿಸಿಗಾಳಿ ಮೇಲೇರುವುದರಿಂದ ಮೇಲಿನ ತೆರಪೇ ಹೆಚ್ಚು ಕೆಲಸ ಮಾಡುತ್ತದೆ. ಈಗಿನ ಅಲ್ಯುಮಿನಿಯಂ, ಯುಪಿವಿಸಿ ಕೆಲಸದವರೂ ಇದನ್ನು ಮಾಡಿಕೊಡಬಲ್ಲರು. ನಾವು ಕೇಳಬೇಕು, ಅಷ್ಟೆ.

ಕೆಲಸ ಒಪ್ಪಿಸುವಾಗ

ಮೊದಲು ಇರುವ ಕಿಟಕಿಯನ್ನೇ ಪರೀಕ್ಷಿಸಿ. ಬಣ್ಣ ಮೆತ್ತಿಕೊಂಡು ಅಂಟಿಹೋದ ಕದವನ್ನು ಹೆರೆಸಿ, ಕೀಲು ಬದಲಾಯಿಸಿ, ಮೆಶ್ ಹೊಡೆಸಿದರೆ ಎಷ್ಟೋ ಮನೆಗೆ ಅಷ್ಟೇ ಸಾಕು. ಬಡಗಿಯ ಒಂದೆರಡು ದಿನದ ಕೂಲಿಯಲ್ಲಿ ಮುಗಿಯುತ್ತದೆ. ಗಟ್ಟಿಯಿರುವ ಮರದ ಚೌಕಟ್ಟನ್ನು ಕೀಳಿಸುವುದು ದುಂದುವೆಚ್ಚ, ಕಿತ್ತ ಮೇಲೆ ಗಾರೆ ಕೆಲಸದ ಖರ್ಚು ಬೇರೆ.

ಹಳೆಯ ಬಣ್ಣ ಕೆರೆಯುವಾಗ ಎಚ್ಚರ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಅದರ ಪುಡಿ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ನೀರು ಚಿಮುಕಿಸಿ ಕೆರೆಸಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಮಕ್ಕಳು ಮತ್ತು ಬಸುರಿಯರನ್ನು ಆ ದಿನ ಬೇರೆ ಕಡೆ ಇರಿಸಿ.

ಹೊಸ ಕಿಟಕಿಗೆ ಗೋಡೆ ಒಡೆಸುವುದಾದರೆ ಮೊದಲು ಅನುಭವವಿರುವ ಮೇಸ್ತ್ರಿಗೆ ತೋರಿಸಿ. ನಮ್ಮ ಕಡೆಯ ಕಲ್ಲುಚಪ್ಪಡಿ ಮನೆಗಳಲ್ಲಿ, ಮಣ್ಣಿನ ಮಾಳಿಗೆ ಮನೆಗಳಲ್ಲಿ ಸೂರಿನ ಭಾರವೆಲ್ಲ ಗೋಡೆಯ ಮೇಲಿರುತ್ತದೆ. ಆಸರೆ ಕೊಡದೆ, ಲಿಂಟಲ್ ಇಡದೆ ಒಡೆದರೆ ಪ್ರಾಣಕ್ಕೇ ಅಪಾಯ.

ಇನ್ನು ಕೂಲಿ, ದರದ ಮಾತು. ಕನಿಷ್ಠ ಮೂರು ಕಡೆ ದರ ಕೇಳಿ. ಅವರು ಹಿಂದೆ ಮಾಡಿದ ಒಂದು ಮನೆಗೆ ಹೋಗಿ, ಮಳೆ ಬಂದಾಗ ನೀರು ಒಳಗೆ ಬರುತ್ತದೆಯೇ ಎಂದು ಆ ಮನೆಯವರನ್ನೇ ವಿಚಾರಿಸಿ. ದರದಲ್ಲಿ ಹಳೆಯದನ್ನು ಕೀಳುವುದು, ಸಾಗಾಣಿಕೆ, ಗ್ರಿಲ್, ಮೆಶ್, ಚೌಕಟ್ಟಿನ ಸುತ್ತ ಸಂದು ತುಂಬುವುದು, ಜಿಎಸ್‌ಟಿ ಸೇರಿವೆಯೇ ಎಂದು ಒಂದೊಂದಾಗಿ ಕೇಳಿ. ಕೊನೆಗೆ ಜಗಳವಾಗುವುದು ಇವುಗಳಲ್ಲೇ. ಗಾಜಿನ ದಪ್ಪ, ಅಲ್ಯುಮಿನಿಯಂ ಅಥವಾ ಕಬ್ಬಿಣದ ದಪ್ಪ, ತೆರೆಯುವ ಅಳತೆ, ಮುಗಿಸುವ ದಿನ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕಲಿತ ಸಮುದಾಯ ನಾವು. ನಮ್ಮವರೇ, ಪರಿಚಯದವರೇ ಎಂದು ಬಾಯಿಮಾತಿಗೆ ಬಿಟ್ಟು ಆಮೇಲೆ ಸಂಬಂಧ ಕೆಡಿಸಿಕೊಳ್ಳಬಾರದು. ಅಡ್ವಾನ್ಸ್ ಸಾಮಾನು ತರುವಷ್ಟಕ್ಕೆ ಇರಲಿ. ಕೆಲಸ ಮುಗಿದು, ಪ್ರತಿ ಕದವನ್ನೂ ತೆರೆದು ಮುಚ್ಚಿ ನೋಡಿದ ಮೇಲೆ ಬಾಕಿ ಹಣವನ್ನು ಅಂದೇ ಕೊಟ್ಟುಬಿಡಿ. ಕೆಲಸದವನ ಬೆವರು ಆರುವ ಮೊದಲು ಕೂಲಿ ಕೊಡುವುದು ನಮ್ಮ ಮೇಲಿನ ಹೊಣೆ.

ಹಣ ಕಡಿಮೆಯಿದ್ದರೆ ಆರು ಕಿಟಕಿಯನ್ನೂ ಒಟ್ಟಿಗೆ ಬದಲಿಸುವುದು ಬೇಡ. ಮೊದಲು ಅಡುಗೆಮನೆ, ಆಮೇಲೆ ರೋಗಿ, ವೃದ್ಧರು ಅಥವಾ ಪುಟ್ಟ ಮಕ್ಕಳು ಮಲಗುವ ಕೋಣೆ. ಬೀದಿಗೆ ಕಾಣುವ ಪಡಸಾಲೆ ಕೊನೆಗೆ. ನಾವು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ.

ಖಾಲಾ ಮನೆಯಲ್ಲಿ ಆಮೇಲೆ ಏನು ಮಾಡಿದರು ಎಂದು ನೀವು ಕೇಳಬಹುದು. ಮೂಲೆಯ ಕೋಣೆಯ ಒಂದು ಕಿಟಕಿಗೆ ಸ್ಲೈಡಿಂಗ್ ಗಾಜು ತೆಗೆಸಿ ತೆರೆಯುವ ಕದ ಹಾಕಿಸಿದರು. ಎದುರು ಗೋಡೆಯ ಮೇಲ್ಭಾಗದಲ್ಲಿ, ಮೇಸ್ತ್ರಿ ನೋಡಿ ಒಪ್ಪಿದ ಮೇಲೆ, ಒಂದು ಸಿಮೆಂಟ್ ಜಾಲಿ ಕೂಡಿಸಿದರು. ಉಳಿದ ಐದು ಹಾಗೆಯೇ ಇವೆ, ಅವಕ್ಕೆ ಸದ್ಯ ಹಣವಿಲ್ಲ. ಸೊಸೆ ಆರು ತಿಂಗಳ ಔಷಧಿ ಮುಗಿಸಿದಳು. ಗುಣವಾದದ್ದು ಔಷಧಿಯಿಂದ, ಅಲ್ಲಾಹನ ಕೃಪೆಯಿಂದ. ಆದರೆ ಆ ಕೋಣೆಯಲ್ಲೇ ಓಡಾಡುತ್ತಿದ್ದ ಇಬ್ಬರು ಮಕ್ಕಳಿಗೆ ರೋಗ ತಗಲದೆ ಉಳಿದುದರಲ್ಲಿ ಕಿಟಕಿಯದೂ ಪಾಲಿದ್ದೀತು ಎಂದು ಖಾಲಾ ನಂಬಿದ್ದಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆ, ಔಷಧಿ ಎರಡೂ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ರೋಗಿಯ ಖಾತೆಗೆ ಬರುತ್ತದೆ. ಈ ರೋಗವನ್ನು ಮುಚ್ಚಿಡುವುದರಲ್ಲಿ ಮರ್ಯಾದೆಯಿಲ್ಲ.

ಇಂದು ಫಜ್ರ್ ನಮಾಝಿನ ನಂತರ ಒಂದು ಕೆಲಸ ಮಾಡಿ. ಟೇಪು ಹಿಡಿದು ಪ್ರತಿ ಕೋಣೆಯ ನೆಲವನ್ನೂ, ಕಿಟಕಿ ನಿಜವಾಗಿ ತೆರೆಯುವ ಜಾಗವನ್ನೂ ಅಳೆಯಿರಿ. ಹತ್ತನೇ ಒಂದು ಭಾಗ ಇದೆಯೇ ನೋಡಿ. ಆಮೇಲೆ ಮನೆಯ ಹೆಂಗಸರನ್ನು ಕೂರಿಸಿ, ಯಾವ ಕೋಣೆಯಲ್ಲಿ ಉಸಿರು ಕಟ್ಟುತ್ತದೆ ಎಂದು ಕೇಳಿ. ಬಡಗಿಯನ್ನೋ ಅಲ್ಯುಮಿನಿಯಂ ಕೆಲಸದವರನ್ನೋ ಕರೆಸುವುದು ಅದಾದ ಮೇಲೆ.