ನಡವಳಿ ಬೇಡಿ ಪಡೆಯುವ ವಸ್ತುವಲ್ಲ

ನಗರಾಡಳಿತ ಸಂಸ್ಥೆಯ ಸಭೆಯಲ್ಲಿ ಯಾವ ವಿಷಯ ಮಂಡನೆಯಾಯಿತು, ಯಾರು ಒಪ್ಪಿದರು, ಯಾರು ವಿರೋಧಿಸಿದರು, ಎಷ್ಟು ಹಣ ಮಂಜೂರಾಯಿತು ಎಂಬುದರ ಅಧಿಕೃತ ದಾಖಲೆಯೇ ಸಭಾ ನಡವಳಿ. ತೆರಿಗೆ ಕಟ್ಟುವ ನಾಗರಿಕನಿಗೆ ತನ್ನ ಬೀದಿಯ ಚರಂಡಿಯಿಂದ ಹಿಡಿದು ಊರಿನ ಮೇಲ್ಸೇತುವೆಯವರೆಗಿನ ತೀರ್ಮಾನಗಳ ಮೂಲವನ್ನು ತಿಳಿಯಲು ಇದಕ್ಕಿಂತ ನೇರವಾದ ದಾರಿ ಬೇರೆ ಇಲ್ಲ. ಹೀಗಿರುವಾಗ ಬೆಂಗಳೂರಿನಲ್ಲಿ ಈ ದಾಖಲೆ ಅರ್ಜಿ ಬರೆದು, ಶುಲ್ಕ ತೆತ್ತು, ಕಾದು ಪಡೆಯಬೇಕಾದ ಉಪಕಾರವಾಗಿ ಉಳಿದಿರುವುದು ಅನ್ಯಾಯ. ಚುನಾಯಿತ ಪರಿಷತ್ತೇ ಇಲ್ಲದ ಕಾಲದಲ್ಲಿಯೂ ಹಾಗೆಯೇ ಉಳಿದದ್ದು ಇನ್ನೂ ದೊಡ್ಡ ಅನ್ಯಾಯ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕೊನೆಯ ಚುನಾಯಿತ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಅವಧಿ ತೀರುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243-ಯು ವಿಧಿ ಹೇಳುತ್ತದೆಯಾದರೂ, ವಾರ್ಡುಗಳ ಸಂಖ್ಯೆ ಮತ್ತು ಮೀಸಲಾತಿಯ ವ್ಯಾಜ್ಯಗಳ ನಡುವೆ ಒಂದು ಪರಿಷತ್ತಿನ ಪೂರ್ತಿ ಅವಧಿಯಷ್ಟು ಕಾಲ ಕಳೆದುಹೋಗಿ, 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ ಪಾಲಿಕೆಯೇ ಐದಾಗಿ ಒಡೆಯಿತು. ಈ ಐದು ವರ್ಷಗಳಲ್ಲಿ ಪರಿಷತ್ತು ಮತ್ತು ಸ್ಥಾಯಿ ಸಮಿತಿಗಳ ಅಧಿಕಾರವನ್ನೆಲ್ಲ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೇ ಚಲಾಯಿಸಿದರು. ಕೆಂಪೇಗೌಡ ಪೌರ ಸಭಾಂಗಣದಲ್ಲಿ ಸದಸ್ಯರು ಪರಸ್ಪರ ಕೂಗಾಡುತ್ತಿದ್ದ ದಿನಗಳಲ್ಲಿ ಆ ಗದ್ದಲದ ನಡುವೆಯೇ ಪತ್ರಕರ್ತರ ಕಿವಿಗೆ ಎಷ್ಟೋ ಸಂಗತಿಗಳು ಬೀಳುತ್ತಿದ್ದವು. ಒಬ್ಬ ಅಧಿಕಾರಿಯ ಮೇಜಿನ ಮೇಲೆ ಕಡತವೊಂದಕ್ಕೆ ರುಜು ಬಿದ್ದಾಗ ಯಾರ ಕಿವಿಗೂ ಏನೂ ಬೀಳುವುದಿಲ್ಲ. 2022-23ನೇ ಸಾಲಿನ 10,480 ಕೋಟಿ ರೂಪಾಯಿಗಳ ಆಯವ್ಯಯ ಸಾರ್ವಜನಿಕವಾಗಿ ಮಂಡನೆಯಾಗದೆ, ಮಾರ್ಚ್ 31ರ ತಡರಾತ್ರಿ ಪಾಲಿಕೆಯ ಜಾಲತಾಣದಲ್ಲಿ ಕಾಣಿಸಿಕೊಂಡದ್ದನ್ನು ನಗರ ಮರೆಯಬಾರದು. ಚರ್ಚೆಯಿಲ್ಲದ ಕಡೆ ಬರಹವಾದರೂ ಬಯಲಿನಲ್ಲಿರಬೇಕಿತ್ತು. ಪ್ರಶ್ನಿಸುವ ಸದಸ್ಯರಿಲ್ಲದ ಸಂಸ್ಥೆಗೆ ದಾಖಲೆ ಪ್ರಕಟಿಸುವ ಹೊಣೆ ಕಡಿಮೆಯಾಗುವುದಿಲ್ಲ, ಇಮ್ಮಡಿಯಾಗುತ್ತದೆ.

ಇದಕ್ಕೆ ಕಚೇರಿಗಳು ಕೊಡುವ ಸಿದ್ಧ ಉತ್ತರ, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಎಂಬುದು. ಈ ಉತ್ತರ 2005ರ ಕಾಯ್ದೆಯನ್ನು ತಲೆಕೆಳಗಾಗಿ ಓದುತ್ತದೆ. ಅರ್ಜಿಯ ಮಾತು ಬರುವ ಮುನ್ನವೇ, ಕಾಯ್ದೆಯ 4ನೇ ಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಮಂಡಳಿ, ಪರಿಷತ್ತು, ಸಮಿತಿಗಳ ಸಭೆಗಳು ಜನರಿಗೆ ತೆರೆದಿವೆಯೇ, ಅವುಗಳ ನಡವಳಿ ಜನರಿಗೆ ಸಿಗುತ್ತದೆಯೇ ಎಂಬುದನ್ನು ತಾನಾಗಿಯೇ ಪ್ರಕಟಿಸಬೇಕೆಂದೂ, ಜನ ಅರ್ಜಿಗಳ ಮೊರೆ ಹೋಗುವ ಪ್ರಮೇಯವೇ ಆದಷ್ಟು ಕಡಿಮೆಯಾಗುವಂತೆ ಮಾಹಿತಿ ಒದಗಿಸಬೇಕೆಂದೂ ವಿಧಿಸುತ್ತದೆ. ಶೇಷಾದ್ರಿಪುರದ ನಿವಾಸಿಯೊಬ್ಬರು ತಮ್ಮ ಮನೆಯ ಮುಂದಿನ ಪಾದಚಾರಿ ಮಾರ್ಗವನ್ನು ಮತ್ತೆ ಮತ್ತೆ ಅಗೆಯಲು ಮಂಜೂರಾತಿ ಕೊಟ್ಟವರು ಯಾರೆಂದು ತಿಳಿಯಬಯಸಿದರೆ, ಕರ್ನಾಟಕದ ನಿಯಮದಂತೆ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಅರ್ಜಿ ಬರೆದು, ಮೂವತ್ತು ದಿನ ಕಾಯಬೇಕು. ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬಂದರೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಅಲ್ಲಿಯೂ ದಕ್ಕದಿದ್ದರೆ ಮಾಹಿತಿ ಆಯೋಗದ ಮೆಟ್ಟಿಲು ಹತ್ತಬೇಕು, ಮತ್ತು ಆಯೋಗವು ಇಂತಿಷ್ಟು ದಿನಗಳಲ್ಲಿ ತೀರ್ಪು ಕೊಡಬೇಕೆಂಬ ಗಡುವನ್ನು ಕಾಯ್ದೆ ಹಾಕಿಲ್ಲ. ಇದೆಲ್ಲಕ್ಕಿಂತ ಮೊದಲು ನಿರ್ಣಯದ ದಿನಾಂಕ, ವಿಷಯ ಸಂಖ್ಯೆ, ಕಾಮಗಾರಿಯ ಜಾಬ್ ಕೋಡ್ ಗೊತ್ತಿರಬೇಕು. ಅವು ಇರುವುದು ಅದೇ ನಡವಳಿಯಲ್ಲಿ.

ಆ ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದ ಒಂದು ಪದ್ಧತಿಯನ್ನು ಇಲ್ಲಿ ನೆನೆಯಬೇಕು. 1881ರಲ್ಲಿ ದಿವಾನ್ ರಂಗಾಚಾರ್ಲು ಆರಂಭಿಸಿದ ಮೈಸೂರು ಪ್ರಜಾ ಪ್ರತಿನಿಧಿ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಆಯವ್ಯಯಕ್ಕೆ ಮತ ಹಾಕುವ ಅಧಿಕಾರವೂ ಇರಲಿಲ್ಲ. ಆದರೂ ಪ್ರತಿ ದಸರೆಯಲ್ಲಿ ದಿವಾನರು ಆ ಸಭೆಯ ಮುಂದೆ ಸಂಸ್ಥಾನದ ಆದಾಯ, ವೆಚ್ಚ, ಕಾಮಗಾರಿಗಳ ವಿವರವನ್ನು ಓದುತ್ತಿದ್ದರು, ಅದು ಅಚ್ಚಾಗುತ್ತಿತ್ತು. ಅರಸೊತ್ತಿಗೆಯ ಆಡಳಿತ ಪ್ರಜೆಗಳಿಗೆ ಇಷ್ಟು ಲೆಕ್ಕ ಒಪ್ಪಿಸುತ್ತಿದ್ದಾಗ, ಗಣರಾಜ್ಯದ ಆಡಳಿತಾಧಿಕಾರಿ ಅದಕ್ಕಿಂತ ಕಡಿಮೆ ಒಪ್ಪಿಸುವುದನ್ನು ಯಾವ ತರ್ಕವೂ ಸಮರ್ಥಿಸಲಾರದು. ಇಂದಿನ ಕರ್ನಾಟಕದ ಹಳ್ಳಿಗಳಲ್ಲಿಯೂ ಜಮಾಬಂದಿ ಎಂಬ ವ್ಯವಸ್ಥೆಯಿದೆ: ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯ ಲೆಕ್ಕ ಮತ್ತು ಕಾಮಗಾರಿಗಳ ದಾಖಲೆಗಳನ್ನು ಅಧಿಕಾರಿಗಳು ಊರವರ ಎದುರಿನಲ್ಲಿ ತೆರೆದು ಪರಿಶೀಲಿಸಬೇಕು. ಅದು ಎಲ್ಲ ಕಡೆ ಚೊಕ್ಕವಾಗಿ ನಡೆಯುತ್ತದೆಂದಲ್ಲ. ಆದರೆ ಹಳ್ಳಿಯವನಿಗೆ ಕೇಳಲು ಒಂದು ದಿನ, ಒಂದು ಜಾಗವಾದರೂ ಉಂಟು. ಅವನಿಗಿಂತ ಎಷ್ಟೋ ಪಾಲು ಹೆಚ್ಚು ಆಸ್ತಿ ತೆರಿಗೆ ಕಟ್ಟುವ ಮಲ್ಲೇಶ್ವರದವನಿಗೂ ಚಾಮರಾಜಪೇಟೆಯವನಿಗೂ ಅಂಥದ್ದು ಇಲ್ಲ. ತಿಂಗಳಿಗೊಮ್ಮೆ ಸೇರಬೇಕಾದ ವಾರ್ಡ್ ಸಮಿತಿಗಳು ಆ ಕೊರತೆಯನ್ನು ತುಂಬಬಹುದಿತ್ತು. ಪರಿಷತ್ತಿನ ಜೊತೆಗೆ ಅವೂ ಸೊರಗಿದವು.

ಎಲ್ಲವನ್ನೂ ಪ್ರಕಟಿಸಿದರೆ ಅಧಿಕಾರಿಗಳು ಮುಕ್ತವಾಗಿ ಮಾತನಾಡಲು ಹಿಂಜರಿಯುತ್ತಾರೆ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಕೇಳುತ್ತಿರುವುದು ತೀರ್ಮಾನಕ್ಕೆ ಮೊದಲಿನ ಕರಡು ಟಿಪ್ಪಣಿಗಳನ್ನಲ್ಲ, ತೀರ್ಮಾನವನ್ನು ಮತ್ತು ಅದಕ್ಕೆ ಕೊಟ್ಟ ಕಾರಣವನ್ನು. ಬ್ರಿಟನ್ನಿನ 1985ರ ಕಾನೂನು ಸ್ಥಳೀಯ ಸಂಸ್ಥೆಗಳ ಸಭೆಯ ಕಾರ್ಯಸೂಚಿ ಮತ್ತು ವರದಿಗಳನ್ನು ಸಭೆಗೆ ಮೂರು ದಿನ ಮೊದಲೇ ಜನರ ಮುಂದಿಡಬೇಕೆಂದು, ನಡವಳಿಯನ್ನು ಆರು ವರ್ಷ ಪರಿಶೀಲನೆಗೆ ತೆರೆದಿಡಬೇಕೆಂದು ವಿಧಿಸಿತು. ಅಲ್ಲಿನ ಸಭೆಗಳೇನೂ ನಿಂತುಹೋಗಲಿಲ್ಲ. ಮುಚ್ಚಿಟ್ಟದ್ದರ ಬೆಲೆ ಎಷ್ಟೆಂಬುದು ಈ ನಗರಕ್ಕೇ ಗೊತ್ತು. 2011ರಲ್ಲಿ ಪಾಲಿಕೆಯದೇ ತಾಂತ್ರಿಕ ಜಾಗೃತ ಕೋಶವು ಮಲ್ಲೇಶ್ವರ, ಗಾಂಧಿನಗರ, ರಾಜರಾಜೇಶ್ವರಿನಗರ ವಿಭಾಗಗಳಲ್ಲಿ 1,539 ಕೋಟಿ ರೂಪಾಯಿಗಳ ಕಾಮಗಾರಿ ಅಕ್ರಮವನ್ನು ವರದಿ ಮಾಡಿತು. ಬಿಲ್ಲು, ಅಳತೆ ಪುಸ್ತಕ, ಮಂಜೂರಾತಿಗಳು ಆಯಾ ತಿಂಗಳೇ ಬೀದಿಯವರ ಕಣ್ಣಿಗೆ ಬಿದ್ದಿದ್ದರೆ ಆಗದ ಕೆಲಸವನ್ನು ಆಗಿದೆಯೆಂದು ತೋರಿಸುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯ ವಿಸ್ತೃತ ಯೋಜನಾ ವರದಿಯೊಳಗೆ ಮಹಾರಾಷ್ಟ್ರದ ನಾಸಿಕ್ ಮತ್ತು ಮಾಲೆಗಾಂವ್ ನುಸುಳಿದ್ದವು. ವರದಿ ಹೊರಗಿನವರ ಕಣ್ಣಿಗೆ ಬಿದ್ದ ಮೇಲೆ ಆ ತಪ್ಪು ಬಯಲಾಗಿ, ಅದನ್ನು ಸಿದ್ಧಪಡಿಸಿದ ಸಂಸ್ಥೆಗೆ 5 ಲಕ್ಷ ರೂಪಾಯಿ ದಂಡ ಬಿತ್ತು.

2023ರ ಆಗಸ್ಟ್ 11ರಂದು ಪಾಲಿಕೆಯ ಕೇಂದ್ರ ಕಚೇರಿ ಆವರಣದ ಗುಣಮಟ್ಟ ಪರೀಕ್ಷಾ ಪ್ರಯೋಗಾಲಯದಲ್ಲಿ ಬೆಂಕಿ ಹೊತ್ತಿ ಒಂಬತ್ತು ಮಂದಿ ಗಾಯಗೊಂಡರು, ಮುಖ್ಯ ಎಂಜಿನಿಯರೊಬ್ಬರು ಬಳಿಕ ಅಸುನೀಗಿದರು. ಅಂಥ ದುರಂತದ ಹೊತ್ತಿನಲ್ಲಿಯೂ ಸಾರ್ವಜನಿಕ ಚರ್ಚೆ ಕಡತಗಳು ಸುಟ್ಟವೇ, ಉಳಿದವೇ ಎಂಬ ಸಂಶಯದ ಸುತ್ತಲೇ ತಿರುಗಿತು. ಪ್ರತಿಗಳು ಮೊದಲೇ ಜನರ ಕೈಯಲ್ಲಿದ್ದಿದ್ದರೆ ಆ ಸಂಶಯ ಹುಟ್ಟುತ್ತಲೇ ಇರಲಿಲ್ಲ, ಪ್ರಾಮಾಣಿಕ ನೌಕರರು ಅದರ ಕಳಂಕವನ್ನು ಹೊರಬೇಕಾಗಿಯೂ ಇರಲಿಲ್ಲ.

ಒಂದು ಪಾಲಿಕೆ ಐದಾದಾಗ ಆಸ್ತಿ, ಸಾಲ, ಸಿಬ್ಬಂದಿಯ ಹಂಚಿಕೆಯ ಬಗ್ಗೆ ಸಾಕಷ್ಟು ಮಾತು ನಡೆಯಿತು. ನಡವಳಿ ಪುಸ್ತಕಗಳ ಪಾಲುಪಟ್ಟಿಯ ಬಗ್ಗೆ ಅಷ್ಟು ಕಾಳಜಿ ಕಾಣಲಿಲ್ಲ. ಹಳೆಯ ಪಾಲಿಕೆಯ ನಿರ್ಣಯಕ್ಕೆ ಹೊಸ ಪಾಲಿಕೆ ‘ನಮ್ಮಲ್ಲಿಲ್ಲ’ ಎಂಬ ಹಿಂಬರಹ ಕೊಡುವ ಹೊಸ ಅವಕಾಶ ಇದರಿಂದ ತೆರೆದುಕೊಂಡಿದೆ. ಇದನ್ನು ತಡೆಯಲು ಹೊಸ ಕಾಯ್ದೆ ಬೇಕಿಲ್ಲ, ಆಯುಕ್ತರುಗಳ ಒಂದು ಸುತ್ತೋಲೆ ಸಾಕು. 2020ರ ಸೆಪ್ಟೆಂಬರ್‌ನಿಂದ ಆಡಳಿತಾಧಿಕಾರಿಗಳು ಕೈಗೊಂಡ ಪ್ರತಿಯೊಂದು ನಿರ್ಣಯವೂ ವಾರ್ಡುವಾರು, ಜಾಬ್ ಕೋಡ್ ಸಮೇತ, ಕನ್ನಡದಲ್ಲಿ, ಹುಡುಕಲು ಬರುವ ರೂಪದಲ್ಲಿ ಪ್ರಕಟವಾಗಲಿ. ಮುಂದಿನ ಪ್ರತಿ ಸಭೆಯ ಕಾರ್ಯಸೂಚಿ ಸಭೆಗೆ ಮೊದಲೂ, ನಡವಳಿ ಅದಾದ ಹದಿನೈದು ದಿನಗಳೊಳಗೂ ಹೊರಬರಲಿ. ಜಾಲತಾಣ ಬಳಸಲಾಗದವರಿಗಾಗಿ ಅದರದೊಂದು ಪ್ರತಿ ವಾರ್ಡ್ ಕಚೇರಿಯ ಮೇಜಿನ ಮೇಲೆ, ಕೇಳದೆಯೇ ಓದಲು ಸಿಗುವಂತೆ ಇರಲಿ.